ಎರಡನೆಯ ಒಲೆ

ನೆನೆದ ಬೆತ್ತಕ್ಕೆ ಒಂದು ವಾಸನೆ ಇರುತ್ತದೆ. ಹಸಿ ಹುಲ್ಲಿನದೂ ಅಲ್ಲ, ಕೊಳೆತ ಎಲೆಯದೂ ಅಲ್ಲ, ಎರಡರ ನಡುವಿನದು. ಮೂರನೇ ವರ್ಷದಲ್ಲಿ ಜ್ವರ ಬಂದು ಬಲಗಾಲು ಸೊರಗಿದ ಮೇಲೆ ಅಪ್ಪ ಅವಳನ್ನು ಬೆತ್ತ ನೆನೆಸುವ ತೊಟ್ಟಿಯ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಬೀದಿಯಲ್ಲಿ ಮಕ್ಕಳು ಓಡುವ ಸದ್ದು ಕಿವಿಯಲ್ಲಿ, ಈ ವಾಸನೆ ಮೂಗಿನಲ್ಲಿ. ಈಗ ಅವಳಿಗೆ ಮೂವತ್ತಾರು ವರ್ಷ. ಇಂದಿಗೂ ಅದೇ ವಾಸನೆಯ ನಡುವೆ ಕೂತು ದುಡಿಯುತ್ತಾಳೆ.

ಬೀದಿಯವರೆಲ್ಲ ಅವಳನ್ನು ಕುರ್ಚಿಯಕ್ಕ ಎನ್ನುತ್ತಾರೆ. ಹೋಟೆಲುಗಳ ಹರಿದ ಕುರ್ಚಿಗಳಿಗೆ ಹೊಸ ಬೆತ್ತ ಹೆಣೆಯುವ ಶೆಡ್ಡಿನಲ್ಲಿ ಕೆಲಸ. ಅವಳು ಹೆಣೆದ ಕುರ್ಚಿಯ ಮೇಲೆ ಎಂಥ ದಢೂತಿ ಧೊಪ್ಪೆಂದು ಕೂತರೂ ಹತ್ತು ವರ್ಷ ಜಗ್ಗುವುದಿಲ್ಲ. ವಾಸ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳಿರುವ ಮನೆಯ ಮುಂದಿನ ಕೋಣೆಯಲ್ಲಿ. ಊಟ ಅತ್ತಿಗೆಯ ಕೈಯದು.

ಅಂಗವಿಕಲರ ಭತ್ಯೆ ತಿಂಗಳಿಗೊಮ್ಮೆ ಬರುತ್ತಿತ್ತು. ಅದಷ್ಟೂ ಶೆಡ್ಡಿಗೆ ಹೋಗಿಬರುವ ಬಾಡಿಗೆ ಗಾಡಿಗೇ ಸರಿಹೋಗುತ್ತಿತ್ತು. ಬಸ್ಸಿನ ಮೆಟ್ಟಿಲು ಎತ್ತರ. ಊರುಗೋಲು ಮೇಲಿಟ್ಟು ಕಾಲೆತ್ತುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತದೆ. ಭತ್ಯೆ ನಿಂತರೆ ಗಾಡಿ ಇಲ್ಲ. ಗಾಡಿ ಇಲ್ಲದಿದ್ದರೆ ಕೆಲಸವೂ ಇಲ್ಲ.

ಆ ವರ್ಷ, ಭತ್ಯೆ ಪಡೆಯುವವರಲ್ಲಿ ನಿಜವಾದ ಬಡವರು ಯಾರೆಂದು ಅಳೆಯಲು ಮನೆಮನೆಗೆ ಗಣತಿಯವರು ಬಂದರು. ಇವರ ಮನೆಗೆ ಬಂದವನು ಬಾಗಿಲಲ್ಲಿ ನಿಂತು ಅತ್ತಿಗೆಯನ್ನು ಕೇಳಿದ.

"ಇವರು ಏನಾದ್ರೂ ಕೆಲಸ ಮಾಡ್ತಾರಾ?"

"ನನ್ನನ್ನೇ ಕೇಳಿ ಸರ್," ಎಂದಳು ಕುರ್ಚಿಯಕ್ಕ. "ಸೊರಗಿರೋದು ಕಾಲು. ನಾಲಿಗೆ ಚೆನ್ನಾಗೇ ಇದೆ."

ಅತ್ತಿಗೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಗಣತಿಯವನಿಗೆ ನಾಚಿಕೆಯಾಯಿತು. ಆಮೇಲಿನ ಪ್ರಶ್ನೆಗಳನ್ನೆಲ್ಲ ಅವಳ ಎದುರು ನೆಲದ ಮೇಲೆ ಕೂತೇ ಕೇಳಿದ. ಬರೆದು ಮುಗಿಸಿ ತಲೆ ಕೆರೆದುಕೊಂಡ.

"ಒಲೆ ಒಂದೇ ಅಂದ್ರೆ ಮನೆ ಒಂದೇ ಅಂತ ಲೆಕ್ಕ. ನಿಮ್ಮಣ್ಣನ ಸಂಬಳ, ನಿಮ್ಮ ಕೂಲಿ ಕೂಡಿಸಿ ಐದು ಜನಕ್ಕೆ ಹಂಚಿದ್ರೆ ನೀವು ಬಡತನದ ಗೆರೆ ದಾಟ್ತೀರಿ."

"ರಸ್ತೆ ದಾಟೋಕೇ ಒಬ್ಬರು ಕೈ ಹಿಡೀಬೇಕು ನಂಗೆ. ಗೆರೆ ಯಾವಾಗ ದಾಟಿದೆ?"

"ಫಾರಮ್ಮು ಹಾಗೆ ಹೇಳುತ್ತೆ, ಅಕ್ಕ."

"ಗಾಡಿ ಬಾಡಿಗೆ? ಎರಡು ತಿಂಗಳಿಗೊಮ್ಮೆ ಊರುಗೋಲಿನ ರಬ್ಬರು? ನೀರು ಹೊತ್ತು ತರೋಳಿಗೆ ಕೊಡೋದು? ಇವೆಲ್ಲ ನನಗೆ ಮಾತ್ರ ಇರೋ ಖರ್ಚು. ಎರಡು ಕಾಲಿರೋರ ನೂರೂ ನನ್ನ ನೂರೂ ಒಂದೇನಾ?"

"ಅದಕ್ಕೆ ಕಾಲಂ ಇಲ್ಲ."

ಹೊರಡುವಾಗ ಅವನು ಮೂಲೆಗೆ ಜಾರಿದ್ದ ಊರುಗೋಲುಗಳನ್ನು ಅವಳ ಕೈಗೆಟುಕುವಂತೆ ಇಟ್ಟ. ದನಿ ತಗ್ಗಿಸಿ ಹೇಳಿದ. "ಎಂಟು ದಿನಕ್ಕೆ ಸಾಹೇಬರು ತನಿಖೆಗೆ ಬರ್ತಾರೆ. ಅಷ್ಟರಲ್ಲಿ ಒಲೆ ಬೇರೆ ಆಗಿದ್ರೆ... ನಾನೇನೂ ಹೇಳಿಲ್ಲ."

ಮರುದಿನವೇ ಅವಳು ಒಂದು ಹಳೆಯ ಸೀಮೆಎಣ್ಣೆ ಒಲೆ ತಂದು ಕೋಣೆಯಲ್ಲಿಟ್ಟಳು. ಅತ್ತಿಗೆ ಬಾಗಿಲಿಗೆ ಬಂದು ನೋಡಿದಳು.

"ನನ್ನ ಕೈ ಅಡುಗೆ ಸಾಕಾಯ್ತಾ?"

"ಲೆಕ್ಕಕ್ಕೆ ಅತ್ತಿಗೆ, ಬರೀ ಲೆಕ್ಕಕ್ಕೆ. ಎಂಟು ದಿನ."

"ಹದಿನಾಲ್ಕು ವರ್ಷದಿಂದ ನಾನು ಮಾಡಿದ್ದು ಯಾವ ಲೆಕ್ಕಕ್ಕೆ?"

ಅಂದಿನಿಂದ ಅತ್ತಿಗೆ ಮಾತು ಬಿಟ್ಟಳು.

ಎರಡು ಕಂಕುಳಲ್ಲೂ ಊರುಗೋಲಿದ್ದರೆ ಪಾತ್ರೆ ಹಿಡಿಯಲು ಕೈ ಎಲ್ಲಿಂದ ಬರಬೇಕು? ಕುರ್ಚಿಯಕ್ಕ ನೆಲದ ಮೇಲೆ ತೆವಳಿ ಒಲೆ ಹಚ್ಚಿದಳು. ನಾಲ್ಕನೇ ದಿನ ಅನ್ನದ ಗಂಜಿ ಬಸಿಯುವಾಗ ಪಾತ್ರೆ ವಾಲಿ, ಕುದಿಯುವ ಗಂಜಿ ನೆಟ್ಟಗಿದ್ದ ಎಡಗಾಲಿನ ಮೇಲೇ ಬಿತ್ತು. ಎರಡು ದಿನ ಶೆಡ್ಡಿಗೆ ಹೋಗಲಿಲ್ಲ. ಕೂಲಿಯೂ ಇಲ್ಲ. ಬಡವಳೆಂದು ತೋರಿಸಲು ಹೋಗಿ ಇನ್ನಷ್ಟು ಬಡವಳಾದಳು.

ಎಂಟನೇ ದಿನ ಮಧ್ಯಾಹ್ನ ಸಾಹೇಬರು ಬಂದರು, ಜೊತೆಗೆ ಗಣತಿಯವನು. ಸಾಹೇಬರು ಬಗ್ಗಿ ಉರಿಯುತ್ತಿದ್ದ ಒಲೆ ನೋಡಿದರು.

"ಎಷ್ಟು ದಿನ ಆಯ್ತು ಇದು ಬಂದು? ಅಣ್ಣನ ಮನೆಯಿಂದ ಒಂದು ತುತ್ತೂ ಬರಲ್ವಾ? ಯೋಚನೆ ಮಾಡಿ ಹೇಳಮ್ಮ. ಬರುತ್ತೆ ಅಂದ್ರೆ ಪೋಷಣೆಯಲ್ಲಿರೋರು ಅಂತ ಬರೀತೀನಿ. ಭತ್ಯೆ ರದ್ದು."

ಒಂದು 'ಇಲ್ಲ' ಸಾಕಿತ್ತು. ಗಣತಿಯವನು ಕಣ್ಣಲ್ಲೇ ಅದನ್ನು ಬೇಡುತ್ತಿದ್ದ. ಬಾಗಿಲ ಆಚೆ ಅತ್ತಿಗೆಯ ಬಳೆಗಳ ಸದ್ದು ತಟ್ಟನೆ ನಿಂತಿತು.

ಕುರ್ಚಿಯಕ್ಕ ಕೈ ಚಾಚಿ ಒಲೆ ಆರಿಸಿದಳು.

"ಈ ಒಲೆ ಸುಳ್ಳು ಸರ್. ನಿಮಗೋಸ್ಕರ ಹಚ್ಚಿದ್ದು. ಹದಿನಾಲ್ಕು ವರ್ಷ ಅತ್ತಿಗೆ ಕೈ ಅನ್ನ ತಿಂದಿದ್ದೀನಿ. ಬರ್ಕೊಳ್ಳಿ. ನನ್ನನ್ನ ಪ್ರೀತಿಯಿಂದ ನೋಡ್ಕೊಳ್ಳೋರು ಇದ್ದಾರೆ ಅನ್ನೋದು ನಿಮ್ಮ ಕಣ್ಣಿಗೆ ಆಸ್ತಿ ಥರ ಕಂಡ್ರೆ ಅದನ್ನೂ ಬರ್ಕೊಳ್ಳಿ. ಆದ್ರೆ ಗಾಡಿ ಬಾಡಿಗೆ, ರಬ್ಬರು, ನೀರಿನ ಖರ್ಚು, ಇವನ್ನೂ ಬರೀರಿ. ಈ ಸುಟ್ಟ ಕಾಲನ್ನೂ ಬರೀರಿ."

"ಅದಕ್ಕೆಲ್ಲ ಕಾಲಂ ಇಲ್ಲಮ್ಮ."

"ಕಾಗದಕ್ಕೆ ಅಂಚು ಇದೆಯಲ್ಲ. ಅಲ್ಲಿ ಬರೀರಿ. ಇಲ್ಲದಿದ್ರೆ ನಾನು ರುಜು ಹಾಕಲ್ಲ."

"ಏನಮ್ಮ, ಹೆದರಿಸ್ತೀಯಾ?"

"ಹೆದರಿಸೋಕೆ ನಾನ್ಯಾರು? ರುಜು ಇಲ್ಲದ ಫಾರಮ್ಮು ಆಫೀಸಲ್ಲಿ ತಗೊಳ್ಳಲ್ಲ ಅಂತ ಗೊತ್ತು, ಅಷ್ಟೇ."

ಎದುರು ಮನೆಯಿಂದ ಒಂದು ಕೈಯ ಕಾವಲುಗಾರ ಬಂದು ನಿಂತಿದ್ದ. ಪಟ್ಟಿಯಲ್ಲಿ ಮುಂದಿನ ಹೆಸರು ಅವನದೇ.

"ನನ್ನದಕ್ಕೂ ಅಂಚಲ್ಲಿ ಜಾಗ ಉಳಿಸ್ಕೊಳ್ಳಿ ಸ್ವಾಮಿ," ಎಂದ. "ಒಂದು ಕೈಲಿ ಬಟ್ಟೆ ಹಿಂಡಿ ನೋಡಿದ್ದೀರಾ? ಡ್ಯೂಟಿ ಬಟ್ಟೆ ಒಗೆಸೋಕೆ ದಿನಾ ದುಡ್ಡು ಕೊಡ್ತೀನಿ ನಾನು. ಬರೆಯೋವರೆಗೂ ನಾನೂ ರುಜು ಹಾಕಲ್ಲ."

ಸಾಹೇಬರು ಗಣತಿಯವನತ್ತ ತಿರುಗಿದರು. ಅವನು ಆಗಲೇ ಫಾರಮ್ಮನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತಿದ್ದ.

"ಅಂಚಲ್ಲಿ ಬರೆದದ್ದನ್ನ ಮೇಲೆ ಯಾರೂ ಓದಲ್ಲ," ಎಂದರು ಸಾಹೇಬರು.

"ಓದಲಿಲ್ಲ ಅಂದ್ರೆ ನಾವೇ ಆಫೀಸಿಗೆ ಬಂದು ಓದ್ತೀವಿ," ಎಂದಳು ಕುರ್ಚಿಯಕ್ಕ. "ಮೆಟ್ಟಿಲಿದ್ರೆ ಮೆಟ್ಟಿಲ ಕೆಳಗೇ ಕೂತು ಗಟ್ಟಿಯಾಗಿ ಓದ್ತೀವಿ."

ಗಣತಿಯವನು ಬರೆದದ್ದನ್ನು ತೋರಿಸಿದ. ಅವಳು ಅಕ್ಷರ ಅಕ್ಷರವಾಗಿ ಓದಿ, 'ರಬ್ಬರು' ಬಿಟ್ಟುಹೋಗಿದೆ ಎಂದಳು. ಅದನ್ನೂ ಸೇರಿಸಿದ. ಆಮೇಲೆ ರುಜು ಹಾಕಿದಳು. ಸಾಹೇಬರು ಅದೇ ಫಾರಮ್ಮಿನ ಮೇಲೆ, ಅವಳಿಗೆ ಕಾಣುವ ಹಾಗೆ, 'ಪೋಷಣೆಯಲ್ಲಿದ್ದಾರೆ' ಎಂದು ಬರೆದು ಕೆಂಪು ಗೆರೆ ಎಳೆದರು.

ಆ ಗೆರೆಯ ಶಾಯಿ ಇನ್ನೂ ಆರಿರಲಿಲ್ಲ. ಅತ್ತಿಗೆ ಒಳಗಿನಿಂದ ಬಂದಳು. ಸಾಹೇಬರ ಮುಂದೆಯೇ ಹಾದು, ಅನ್ನ ಬಡಿಸಿದ ತಟ್ಟೆಯನ್ನು ಕುರ್ಚಿಯಕ್ಕನ ಕೈಗೆ ಕೊಟ್ಟಳು.