ಎಡಕ್ಕಿಟ್ಟ ಗ್ಲಾಸು

ಕೊಡಗು ರಾಜ್ಯದ ಮೊದಲ ಚುನಾವಣೆ ಮುಗಿದ ವರ್ಷ, ನಾಪೋಕ್ಲಿನ ಆಚೆ ಬೊಳ್ಳಮ್ಮನ ಮನೆಗೆ ಅಮೆರಿಕದಿಂದ ಒಬ್ಬ ಮುದುಕ ಬಂದ. ತನ್ನ ವಂಶದವರೊಬ್ಬರ ಗೋರಿ ಹುಡುಕಿಕೊಂಡು ಬಂದಿದ್ದಾನೆಂದು ಜೊತೆಗಿದ್ದ ನಾಣಯ್ಯ ಹೇಳಿದ. ಬೊಳ್ಳಮ್ಮ ನಂಬಲಿಲ್ಲ. ಸತ್ತವನಿಗಾಗಿ ಯಾರಾದರೂ ಸಮುದ್ರ ದಾಟುತ್ತಾರೆಯೇ? ಜಾಗಕ್ಕಾದರೆ ದಾಟುತ್ತಾರೆ.

ಅವಳ ಅನುಮಾನಕ್ಕೆ ಕಾರಣವಿತ್ತು. ಅವಳ ಕಾಫಿ ತೋಟದ ಕಾಡನ್ನು ಮೊದಲು ಕಡಿಸಿದವನು ಒಬ್ಬ ಬಿಳಿ ದೊರೆ. ಹುಳು ಗಿಡಗಳನ್ನು ತಿಂದು, ಜ್ವರ ದೊರೆಯನ್ನು ತಿಂದಾಗ ಅವನ ಕಡೆಯವರು ಯಾರೂ ಬರಲಿಲ್ಲ. ಅವನ ಮೇಸ್ತ್ರಿಯಾಗಿದ್ದ ಕುಟ್ಟಪ್ಪ, ಅಂದರೆ ಬೊಳ್ಳಮ್ಮನ ಗಂಡನ ಅಜ್ಜ, ಅವನನ್ನು ಹೂಳಿ ಕಲ್ಲು ನೆಟ್ಟ, ತೋಟವನ್ನೂ ಉಳಿಸಿಕೊಂಡ. ಅಂದಿನಿಂದ ವರ್ಷಕ್ಕೊಮ್ಮೆ ಮನೆಯ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ದೊರೆಗೂ ಒಂದು ಎಲೆ. ಜಾತಿಯವನಲ್ಲವಲ್ಲ, ಅವನದು ಹೊರಗೆ ಜಗಲಿಯಲ್ಲಿ. ಕೋಳಿ ಸಾರು, ಅಕ್ಕಿ ರೊಟ್ಟಿ, ಒಂದು ಗ್ಲಾಸು ಸಾರಾಯಿ. ಅವನ ಗ್ಲಾಸು ಮಾತ್ರ ಎಲೆಯ ಎಡಕ್ಕಿಡಬೇಕು. ಯಾಕೆಂದು ಅವಳ ಅತ್ತೆಗೂ ಗೊತ್ತಿರಲಿಲ್ಲ.

ನಾಣಯ್ಯ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಇಂಗ್ಲಿಷ್ ಬರುತ್ತದೆಂದು ಮುದುಕ ಅವನನ್ನು ಹಿಡಿದಿದ್ದ. ತಾವು ಬರುವುದನ್ನು ನಾಣಯ್ಯ ಮುಂಚೆಯೇ ಹೇಳಿ ಕಳಿಸಿದ್ದು ಬೊಳ್ಳಮ್ಮನಿಗೆ ಅನುಕೂಲವೇ ಆಯಿತು. ಸುದ್ದಿ ಬಂದ ಮಾರನೆಯ ದಿನವೇ ಕೊಟ್ಟಿಗೆಯ ಗೊಬ್ಬರವನ್ನೆಲ್ಲ ಹೊತ್ತು ಗೋರಿಯ ಮೇಲೆ ಸುರಿದಿದ್ದಳು.

"ಇಲ್ಲಿ ಯಾವ ಗೋರಿನೂ ಇಲ್ಲೆ ರೈಟ್ರೇ," ಎಂದಳು. "ಯಾರೋ ತಪ್ಪು ಹೇಳಿದ್ದಾರೆ."

ಮುದುಕ ತಲೆಯಾಡಿಸಿ ತೋಟದ ಬೇಲಿಯ ಕಡೆ ನೋಡಿದ. ಆ ನೋಟವೂ ಅವಳಿಗೆ ಹಿಡಿಸಲಿಲ್ಲ. ಎಷ್ಟು ಎಕರೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದಾನೆ, ಕಳ್ಳ ಮುದುಕ. ಈ ಮನೆ ಎಷ್ಟು ಹಳೆಯದೆಂದು ಕೇಳಿದಾಗ, ಕೇಳಿಸದವಳ ಹಾಗೆ ಒಳಗೆ ಹೋದಳು.

ಆದರೆ ಅವರು ಬಂದದ್ದು ಹಿರಿಯರಿಗೆ ಬಡಿಸುವ ದಿನವೇ. ಆ ದಿನ ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಹಾಗಿಲ್ಲ. ದೊರೆಯ ಎಲೆಯನ್ನು ಹಿಂಬಾಗಿಲಲ್ಲಿ ಮರೆಯಾಗಿ ಹಾಕಿ, ಜಗಲಿಯಲ್ಲಿ ಇಬ್ಬರಿಗೂ ಊಟ ಬಡಿಸಿದಳು. ಸಾರಾಯಿಯನ್ನು ಎಲೆಯ ಬಲಕ್ಕಿಟ್ಟಳು.

ಮುದುಕ ಕುಳಿತವನೇ ಗ್ಲಾಸನ್ನು ಎತ್ತಿ ಎಡಕ್ಕಿಟ್ಟುಕೊಂಡ. ಎಡಗೈಯಿಂದ ರೊಟ್ಟಿ ಮುರಿದ.

ನಾಣಯ್ಯ ಮುಜುಗರಪಟ್ಟ. "ಬೇಜಾರು ಮಾಡ್ಬೇಡಿ ಅಕ್ಕ. ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ."

ಬೊಳ್ಳಮ್ಮ ಎಡಕ್ಕಿಟ್ಟ ಗ್ಲಾಸನ್ನೇ ನೋಡಿದಳು. ಸೌಟು ಹಿಡಿದು ಅಲ್ಲೇ ನಿಂತಳು. "ಅವರ ಮನೇಲಿ ಎಲ್ರೂ ಎಡಚರಾ? ಕೇಳಿ."

ನಾಣಯ್ಯ ಕೇಳಿ ಹೇಳಿದ. "ಇವರ ಅಜ್ಜನೂ ಎಡಚ, ಅಜ್ಜನ ತಮ್ಮನೂ ಎಡಚ ಅಂತೆ. ಅಜ್ಜ ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೋಗಿ ಕಾಡು ಕಡಿದು ನೆಲೆ ನಿಂತರು. ಅವರ ಆ ತಮ್ಮ ಹಡಗು ಹತ್ತಿ ಇಲ್ಲಿಗೆ ಬಂದ."

ಹಾಗಾದರೆ ಇವನು ದೊರೆಯ ರಕ್ತವೇ. ಅನುಮಾನ ಹೋಗುವ ಬದಲು ಹೆಚ್ಚಾಯಿತು. ನಿಜವಾದ ವಾರಸುದಾರನಿಗಿಂತ ಸುಳ್ಳು ಹೇಳುವವನೇ ವಾಸಿ, ಅವನನ್ನು ಓಡಿಸಬಹುದು. ಒಂದು ಏಟು ತಾನೂ ಕೊಡೋಣವೆಂದು ಕೇಳಿದಳು: "ಇವರ ಅಜ್ಜ ಹೋಗುವಾಗ ಅಲ್ಲಿ ಮೊದಲೇ ಯಾರೂ ಇರ್ಲಿಲ್ವಾ?"

ಮುದುಕ ರೊಟ್ಟಿಯನ್ನು ಎಲೆಯ ಮೇಲಿಟ್ಟ. ಆಮೇಲೆ ಆಡಿದ್ದನ್ನು ನಾಣಯ್ಯ ತಗ್ಗಿದ ದನಿಯಲ್ಲಿ ಹೇಳಿದ.

"ಇದ್ದರಂತೆ. ಇವರ ಕಡೆಯವರೇ ಓಡಿಸಿದರಂತೆ. ಓಡಿಹೋದವರು ತಮ್ಮ ಸತ್ತವರನ್ನು ಹೂಳಿದ್ದ ಜಾಗವನ್ನು ಇವರ ಅಪ್ಪ ಉತ್ತು ಗೋಧಿ ಹಾಕಿದರು. ನೇಗಿಲಿಗೆ ಮೂಳೆ ಸಿಕ್ಕಿದ್ದನ್ನು ಇವರು ಹುಡುಗರಾಗಿದ್ದಾಗ ನೋಡಿದ್ದಾರಂತೆ. ನಮ್ಮವನೊಬ್ಬ ಪರರ ನೆಲದಲ್ಲಿ ಮಲಗಿದ್ದಾನಲ್ಲ, ಅವನನ್ನು ಅಲ್ಲಿಯವರು ಏನು ಮಾಡಿದರೋ ನೋಡಿ ಬರೋಣ ಅಂತ ಬಂದೆ ಅಂತಾರೆ."

ಬೊಳ್ಳಮ್ಮನಿಗೆ ನಾಚಿಕೆಯಾಯಿತು. ಗೊಬ್ಬರ ಹೊತ್ತ ಬೆನ್ನು ಇನ್ನೂ ನೋಯುತ್ತಿತ್ತು. ಇಷ್ಟು ವರ್ಷ ಎಲೆ ಹಾಕಿದ ಮನೆ, ಕೊನೆಗೆ ತಾನು ಮಾಡಿದ್ದೇನು?

ಮುದುಕನನ್ನು ಅವಳು ಆಗಲೂ ಪೂರ್ತಿ ನಂಬಲಿಲ್ಲ. ತೋಟ ಕೇಳಿದರೆ ಆಗ ನೋಡಿಕೊಳ್ಳೋಣ. ಸೌಟು ಕೆಳಗಿಟ್ಟು, ಗೋಡೆಗೊರಗಿಸಿದ್ದ ಗುದ್ದಲಿ ತೆಗೆದುಕೊಂಡು ಗೊಬ್ಬರದ ರಾಶಿಯ ಕಡೆ ನಡೆದಳು. ಎರಡು ಸಲ ಎಳೆಯುವಷ್ಟರಲ್ಲಿ ಕಲ್ಲಿನ ತಲೆ ಕಾಣಿಸಿತು.

ಹಿಂದೆಯೇ ಬಂದ ಮುದುಕ ಕಲ್ಲನ್ನು ನೋಡಿದ, ಗೊಬ್ಬರವನ್ನು ನೋಡಿದ, ಅವಳನ್ನೂ ನೋಡಿದ. ಗುದ್ದಲಿಗೆ ಕೈ ಚಾಚಿದ.

ಬೊಳ್ಳಮ್ಮ ಕೊಡಲಿಲ್ಲ. "ಹಾಕಿದ್ದು ನಾನು, ನಾನೇ ತೆಗೀತೇನೆ ಅಂತ ಹೇಳಿ ರೈಟ್ರೇ. ಹಿಂಬಾಗಿಲಲ್ಲಿ ಒಂದು ಎಲೆ ಉಂಟು, ಅದು ಇವರ ಅಜ್ಜನ ತಮ್ಮನದ್ದು. ಇವರೇ ಇಲ್ಲಿಗೆ ತರಲಿ."