ಎಲ್ವಿನ್‌ನ ಆಸ್ಪೆನ್ ಊರು ತುಂಬಿದ್ದು

ಎದುರುಮನೆಯ ಯುಲಾಲಿಯಾ ಟ್ರುಹಿಯೊ ಎಲ್ವಿನ್ ಸ್ಟ್ರಾಬ್‌ನ ಜೊತೆ ಮಾತು ಬಿಟ್ಟಿದ್ದಕ್ಕೆ ಕಾರಣವಿತ್ತು. ಎಲ್ವಿನ್ ಊರಿನ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದ. ಒಂದು ಚಳಿಗಾಲ ಅವನು ತಳ್ಳಿದ ಹಿಮದ ಗುಡ್ಡೆಯಡಿ ಅವಳ ಅಂಗಳದ ಸಂತ ಇಸಿದ್ರೋನ ವಿಗ್ರಹ ಹೂತುಹೋಯಿತು. ಹಿಮ ಕರಗಿದಾಗ ಸಂತ ಸಿಕ್ಕಿದ, ತಲೆ ಸಿಗಲಿಲ್ಲ.

ಅಲ್ಲಿಂದ ಎಲ್ವಿನ್‌ಗೆ ಅವಳ ಅಡುಗೆಮನೆಯ ಕುರ್ಚಿಯೂ ಇಲ್ಲ, ಹಸಿಮೆಣಸಿನಕಾಯಿ ಸಾರೂ ಇಲ್ಲ. ಸಾರಿಲ್ಲದೆ ಹೇಗೋ ಬದುಕಬಹುದು. ಸಾರು ಬಡಿಸುತ್ತಾ ಅವಳು ಬೈಯುತ್ತಿದ್ದಳಲ್ಲ, ಅದಿಲ್ಲದೆ ಅವನಿಗೆ ಊಟವೇ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಎಲ್ಕ್ ಜಿಂಕೆಗಳು ಅವನ ಅಂಗಳದ ಆಸ್ಪೆನ್ ಮರದ ತೊಗಟೆಯನ್ನು ಸುತ್ತಲೂ ಸುಲಿದು ತಿಂದವು. ಒಣಗುತ್ತಾ ನಿಂತ ಮರವನ್ನು ನೋಡಲಾರದೆ ಎಲ್ವಿನ್ ಅದನ್ನು ನೆಲಮಟ್ಟಕ್ಕೆ ಕಡಿದ. ಕೊಲರಾಡೋದ ಬೆಟ್ಟದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಆಸ್ಪೆನ್ ಕಡಿದರೆ ಬೇರಿಗೆ ಸಿಟ್ಟು ಬರುತ್ತದೆ, ಒಂದು ಹೋದ ಕಡೆ ಹತ್ತು ಏಳುತ್ತವೆ. ಎಲ್ವಿನ್‌ಗೂ ಗೊತ್ತಿತ್ತು. ಸಂಕಟದಲ್ಲಿ ಮರೆತ.

ಬೇಸಿಗೆಯ ಹೊತ್ತಿಗೆ ಅವನ ಹುಲ್ಲುಹಾಸು ಕಾಡಾಯಿತು. ಬೇರು ಬೀದಿ ದಾಟಿತು. ಅಂಚೆ ಕಚೇರಿಯ ಸರದಿಯಲ್ಲಿ ಒಂದು ಸಸಿ ಎದ್ದು ನಿಂತಿತು; ಜನ ಪಾಪ ಅಂತ ಅದರ ಹಿಂದೆಯೇ ನಿಂತರು, ಸರದಿ ಮುಂದೆ ಹೋಗಲೇ ಇಲ್ಲ. ಇಗರ್ಜಿಯ ಎರಡನೇ ಸಾಲಿನಲ್ಲಿ ಎದ್ದ ಸಸಿಯ ಮುಂದೆಯೂ ಪಾದ್ರಿ ಕಾಣಿಕೆ ತಟ್ಟೆ ಹಿಡಿದರು. ಸೆಪ್ಟೆಂಬರಿನಲ್ಲಿ ಅದು ತಟ್ಟೆಗೆ ನಾಲ್ಕು ಹಳದಿ ಎಲೆ ಹಾಕಿತು.

ಅಲ್ಲೇ ಗುಟ್ಟು ರಟ್ಟಾಯಿತು. ಒಂದೇ ಬೇರಿನ ಮರಗಳು ಒಂದೇ ಬೆಳಿಗ್ಗೆ ಹಳದಿಯಾಗುತ್ತವೆ. ಊರಿಡೀ ಒಟ್ಟಿಗೆ ಹಳದಿಯಾಗಿತ್ತು.

ಊರವರು ಸಭೆ ಸೇರಿದರು. ಮೇಯರ್ ಮಾವಿಸ್ ತೀರ್ಪು ಕೊಟ್ಟಳು: "ಬೇರು ಒಂದೇ ಅಂದ್ಮೇಲೆ ಮರಾನೂ ಒಂದೇ. ಮರ ನಿಂದು, ಎಲೇನೂ ನಿಂದೇ ಕಣಪ್ಪಾ. ಯಾರ ಮನೇಲಿ ಬಿದ್ದಿದ್ರೂ ಹೋಗಿ ಗುಡಿಸು."

ಆಗ ಎಲ್ವಿನ್‌ನ ಪಕ್ಕದಲ್ಲೇ ಕೂತಿದ್ದ ಯುಲಾಲಿಯಾ, ಅವನ ತಲೆಯ ಮೇಲಿಂದ ಮೇಯರನ್ನು ನೋಡಿ ಬಾಯಿ ಬಿಟ್ಟಳು: "ನಮ್ ಅಡುಗೆಮನೇಲೂ ಒಂದೆದ್ದಿದೆ ಅಂತ ಆ ಮನುಷ್ಯಂಗೆ ಹೇಳಿ."

ಮೇಯರ್ ಹೇಳಿದಳು. ಎಲ್ವಿನ್ ಈಗಷ್ಟೇ ಕೇಳಿಸಿಕೊಂಡವನಂತೆ ತಲೆಯಾಡಿಸಿದ.

ಮರುದಿನ ಅವನು ಪೊರಕೆ, ಗರಗಸ ಹಿಡಿದು ಹೋದ. ಸಸಿ ಸರಿಯಾಗಿ ಅವನ ಹಳೆಯ ಕುರ್ಚಿಯ ಜಾಗದಲ್ಲೇ ನೆಲ ಸೀಳಿ ಎದ್ದು, ಮೇಜಿನತ್ತ ಬಾಗಿ ನಿಂತಿತ್ತು. ಯುಲಾಲಿಯಾ ಅದರ ಮುಂದೆ ಸಾರಿನ ಬಟ್ಟಲೊಂದನ್ನೂ ಇಟ್ಟಿದ್ದಳು. ಕಿಟಕಿಯಲ್ಲಿ ಸಂತ ಇಸಿದ್ರೋ. ಕತ್ತಿನ ಮೇಲೆ ಆಲೂಗಡ್ಡೆ.

"ಕಡಿ," ಎಂದಳು ಯುಲಾಲಿಯಾ. ಈ ಸಲ ನಡುವೆ ಮೇಯರ್ ಇರಲಿಲ್ಲ.

ಎಲ್ವಿನ್ ಗರಗಸ ಹಿಡಿದೇ ಲೆಕ್ಕ ಹಾಕಿದ. ಸುಮ್ಮನೆ ಕಡಿದರೆ ಆಮೇಲೆ ಮೋಸ ಮಾಡಿದ ಅಂದಾಳು. ನಿಜ ಹೇಳಿದರೆ ಈಗಲೇ ಹೊರಗೆ ಹಾಕಿಯಾಳು. ನಿಜವನ್ನೇ ಹೇಳಿದ: "ಲಾಲಾ, ಇದನ್ನ ಕಡಿದ್ರೆ ಹತ್ತು ಏಳ್ತವೆ. ಪ್ರತಿ ವರ್ಷ ನಾನೇ ಬಂದು ಕಡೀಬೇಕಾಗುತ್ತೆ."

"ನಾನೇನು ನಿನ್ನೆ ಬಸ್ಸಿಂದ ಇಳಿದೋಳಾ? ಇಲ್ಲೇ ಹುಟ್ಟಿದೋಳು. ಕಡಿಯೋ ದಡ್ಡಾ, ಸಾರು ಆರ್ತಿದೆ."

ಎಲ್ವಿನ್ ಮಂಡಿಯೂರಿದ. ಸಂತ ಆಲೂಗಡ್ಡೆ ಮುಖದಲ್ಲಿ ನೋಡುತ್ತಿದ್ದ. ಆದಷ್ಟೂ ನೆಲಮಟ್ಟಕ್ಕೆ, ಬೇರಿಗೆ ಚೆನ್ನಾಗಿ ಸಿಟ್ಟು ಬರುವ ಹಾಗೆ, ಕಡಿದ.