ಬೀಗರೂಟಕ್ಕೆ ಮುಂಚಿನ ಮಾತ್ರೆ

ಹನುಮಂತಯ್ಯನ ಹೃದಯಕ್ಕೆ ಡಾಕ್ಟರು ಮಾತ್ರೆ ಬರೆದ ದಿನದಿಂದ ಕೆಂಗೇರಿಯ ಆ ಮನೆಯಲ್ಲಿ ಒಗ್ಗರಣೆಯ ಸದ್ದೇ ಅಡಗಿತ್ತು. ಹೆಂಡತಿ ವೆಂಕಟಲಕ್ಷ್ಮಮ್ಮ ಎಣ್ಣೆ, ತುಪ್ಪ, ಬಾಡು ಮೂರನ್ನೂ ಹೊಸ್ತಿಲಾಚೆ ದಬ್ಬಿದ್ದಳು. ಮುದ್ದೆಗೆ ಬಸ್ಸಾರು, ಅದೂ ಸಪ್ಪೆ. ಗಂಡನನ್ನು ಉಳಿಸಿರುವುದು ಮಾತ್ರೆಯಲ್ಲ, ತಾನು ಅಂತ ಅವಳ ನಂಬಿಕೆ. ಪೂರ್ತಿ ಸುಳ್ಳೇನೂ ಅಲ್ಲ ಬಿಡಿ.

ಅಷ್ಟರಲ್ಲಿ ಮಗ ದರ್ಶನನ ಮದುವೆಯಾಗಿ ಬೀಗರೂಟ ಬಂತು. ಗಂಡಿನ ಅಪ್ಪನೇ ಎಲೆ ಮುಂದೆ ಕೂತು ಬಾಡು ಮುಟ್ಟದಿದ್ದರೆ ಬೀಗರಿಗೆ ಮುಖಭಂಗ. ಹಿಂದೊಮ್ಮೆ ಕ್ಲಿನಿಕ್ಕಿನ ಡಾಕ್ಟರು, "ಮಾತ್ರೆ ತಗೊಳ್ತಾ ಇದ್ರೆ ಒಂದು ತುಂಡಿಗೆ ಏನೂ ಆಗಲ್ಲ" ಅಂದಿದ್ದರು. ಹನುಮಂತಯ್ಯ ಗುಣಾಕಾರ ಹಾಕಿದ. ತುಂಡಿಗೊಂದು ಮಾತ್ರೆಯ ಲೆಕ್ಕದಲ್ಲಿ ಇಡೀ ಶೀಟು ನುಂಗಿ, ಗರಿಗರಿ ಪಂಚೆ ಉಟ್ಟು ಛತ್ರಕ್ಕೆ ಹೊರಟ. ಬೀಗ ಬೆಟ್ಟಯ್ಯ ಖುದ್ದಾಗಿ ನಿಂತು ಬಡಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹನುಮಂತಯ್ಯ ಪಕ್ಕದವನ ಮೇಲೆ ಒರಗಿಬಿಟ್ಟ.

ಆಸ್ಪತ್ರೆಯಲ್ಲಿ ಅವನ ಜೇಬಿನಿಂದ ಖಾಲಿ ಶೀಟು ಬಿತ್ತು. ಡಾಕ್ಟರ್ ಚೇತನಾ ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

"ಅಮ್ಮ, ಮಾತ್ರೆ ಜಾಸ್ತಿಯಾಗಿ ಹೃದಯ ಸೋತಿದೆ. ಎಲ್ಲಾ ಇಂಜೆಕ್ಷನ್ ಕೊಟ್ವಿ, ಬಿಪಿ ಏರ್ತಾ ಇಲ್ಲ. ಇನ್ನು ಲಿಪಿಡ್ ಹಾಕ್ಬೇಕು. ಕೊಬ್ಬು. ಸೀದಾ ನರಕ್ಕೆ. ನೀವು ಒಪ್ಪಬೇಕು."

"ಕೊಬ್ಬಾ?" ವೆಂಕಟಲಕ್ಷ್ಮಮ್ಮನ ದನಿಗೆ ವಾರ್ಡೇ ತಿರುಗಿತು. "ಸಾಸಿವೆ ಸಿಡಿಸೋಕೂ ಎಣ್ಣೆ ಮುಟ್ಟಿಲ್ಲ ನಾನು! ನೀನು ಓದಿರೋದಾದ್ರೂ ಏನಮ್ಮ?"

"ಸೋಯಾ ಎಣ್ಣೆ ಅಮ್ಮ. ಈ ಮಾತ್ರೆ ಕೊಬ್ಬಲ್ಲಿ ಕರಗುತ್ತೆ. ರಕ್ತಕ್ಕೆ ಕೊಬ್ಬು ಬಿಟ್ರೆ ಅದು ಮಾತ್ರೇನ ಹೀರ್ಕೊಂಡು ಹೃದಯಾನ ಬಿಡಿಸ್ಬೋದು. ಗ್ಯಾರಂಟಿ ಕೊಡಲ್ಲ. ಬೇರೆ ದಾರೀನೂ ಇಲ್ಲ."

ದರ್ಶನ್ ಅಮ್ಮನ ಮುಖ ನೋಡಿದ. ಆ ಮನೆಯಲ್ಲಿ ಎಣ್ಣೆಯ ವಿಷಯಕ್ಕೆ ಅವಳದೇ ಕೊನೇ ಮಾತು. ಅವಳು ಬಾಗಿಲ ಗಾಜಿನಿಂದ ಇಣುಕಿದಳು. ಗಂಡನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಹಾಕಿ ತಾಯಿ," ಅಂದಳು.

ಹಾಲಿನಂಥ ಬಿಳಿ ಎಣ್ಣೆ ನಳಿಗೆಯಲ್ಲಿ ಇಳಿಯತೊಡಗಿತು. ಒಂದು ಚಮಚಕ್ಕೆ ಮನೆಯೆಲ್ಲ ಜಗಳ ಕಾಯುತ್ತಿದ್ದವಳು ಈಗ ನರ್ಸಿನ ಬೆನ್ನು ಬಿದ್ದಳು: "ಯಾಕಮ್ಮ ಇಷ್ಟು ಜುಗ್ಗತನ? ಇನ್ನೊಂದ್ಚೂರು ಬಿಡು. ಧಾರಾಳವಾಗಿ ಬಿಡು." ನರ್ಸು ನಕ್ಕು ಅವಳನ್ನು ಹೊರಗೆ ಕಳಿಸಿದಳು. ಸಂಜೆಯ ಹೊತ್ತಿಗೆ ಬಿಪಿ ಏರಿತು.

ಮರುದಿನ ಹನುಮಂತಯ್ಯ ಕಣ್ಣು ಬಿಟ್ಟ. ಬಯ್ಯಲು ಅವಳು ರಾತ್ರಿಯಿಡೀ ಮಾತು ಕೂಡಿಟ್ಟಿದ್ದಳು. ಬಾಯಿ ತೆರೆದರೆ ಬಂದದ್ದು ಒಂದೇ.

"ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ರೀ."

"ಕೇಳಿದ್ರೆ ಒಂದು ತುಂಡು ತಿನ್ನೋಕೆ ಬಿಡ್ತಿದ್ಯಾ?"

ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಇಲ್ಲ," ಅಂದಳು. ಯಮನಿಗಿಂತ ತನಗೇ ಹೆಚ್ಚು ಹೆದರಿದ ಆ ಮನುಷ್ಯನ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತಳು.